ಹಿಂದಿನ ಸೀಟಿಗೆ ಕಾಣುವ ದಾರಿ

ನನ್ನನ್ನು ಮತ್ತೆ ಸೈಕಲ್ ಹತ್ತಿಸಿದ್ದು ಒಬ್ಬ ಡಾಕ್ಟರು. ರಕ್ತ ಪರೀಕ್ಷೆಯ ಕಾಗದವನ್ನು ಮೇಜಿನ ಮೇಲಿಟ್ಟು, "ಶುಗರ್ ಬಾರ್ಡರ್‌ನಲ್ಲಿದೆ. ವಾಕಿಂಗ್ ಮಾಡ್ತೀರೋ, ಸೈಕಲ್ ತುಳೀತೀರೋ?" ಎಂದು ಕೇಳಿದರು. ನಾನು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಯೂನಿಟ್ಟಿನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಲೇತಿನಿಂದ ಇಳಿದು ಬರುವ ಬಿಡಿಭಾಗಗಳನ್ನು ಅಳೆದು, ಸರಿ ಇದ್ದದ್ದನ್ನು ಒಂದು ಟ್ರೇಗೆ, ಸರಿ ಇಲ್ಲದ್ದನ್ನು ಇನ್ನೊಂದು ಟ್ರೇಗೆ ಹಾಕುವುದು ನನ್ನ ಕೆಲಸ. ದಿನವಿಡೀ ಷೆಡ್ಡಿನೊಳಗೆ ಅತ್ತಿಂದಿತ್ತ ಓಡಾಡಿದವನಿಗೆ ಸಂಜೆ ಮತ್ತೆ ಪಾರ್ಕಿನಲ್ಲಿ ಸುತ್ತು ಹಾಕುವುದೆಂದರೆ ಓವರ್‌ಟೈಮ್ ಮಾಡಿದ ಹಾಗೆ. "ಸೈಕಲ್" ಎಂದೆ.

ಹಾಗೆ ಐವತ್ಮೂರನೇ ವಯಸ್ಸಿನಲ್ಲಿ ಒಂದು ಸೈಕಲ್ ಬಂತು. ವಾರದ ದಿನಗಳಲ್ಲಿ ಲಗ್ಗೆರೆಯ ಮನೆಯಿಂದ ಪೀಣ್ಯದ ಯೂನಿಟ್ಟಿಗೆ ಅದರಲ್ಲೇ ಹೋಗುತ್ತಿದ್ದೆ. ಭಾನುವಾರ ಬೆಳಿಗ್ಗೆ ಇನ್ನೂ ದೂರ, ಮೊಬೈಲಿನ ನಕ್ಷೆ ನೋಡಿಕೊಂಡು, ಊರಿನಾಚೆ ಎಲ್ಲಿಗಾದರೂ. ಬರುವಾಗ ನಾಲ್ಕು ಫೋಟೋ ತೆಗೆದು ತಂದು ಹೆಂಡತಿಗೆ ತೋರಿಸುತ್ತಿದ್ದೆ. ಒಂದು ಭಾನುವಾರ ಅವಳು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ನಾನು ಹೆಸರಘಟ್ಟದ ಹುಲ್ಲುಗಾವಲಿನ ಮೇಲೆ ಬಿಸಿಲು ಬೀಳುತ್ತಿರುವ ಫೋಟೋ ಅವಳ ಮುಖದ ಹತ್ತಿರ ಹಿಡಿದು, "ಹೆಂಗಿದೆ?" ಎಂದೆ.

ಅವಳು ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ, "ರೀ, ಮದುವೆ ಊಟದ ಫೋಟೋ ತೋರಿಸಿ ಹೊಟ್ಟೆ ತುಂಬಿತಾ ಅಂತ ಕೇಳಿದಂಗಾತು" ಎಂದಳು.

ನಗುತ್ತಲೇ ಹೇಳಿದಳು. ಆದರೆ ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವಳು ಹರಿಹರದವಳು, ತುಂಗಭದ್ರೆಯ ದಡದಲ್ಲಿ ಬೆಳೆದವಳು. ಮದುವೆಯಾಗಿ ಲಗ್ಗೆರೆಗೆ ಬಂದ ಮೇಲೆ ಇಲ್ಲಿಯ ಒಂದು ಶಾಲೆಯಲ್ಲಿ ಗಣಿತದ ಟೀಚರ್ ಆಗಿ ಸೇರಿ, ಮನೆ ಮತ್ತು ಶಾಲೆಯ ನಡುವಿನ ಅದೇ ಎರಡು ಬೀದಿಗಳಲ್ಲಿ ಇಪ್ಪತ್ತೈದು ವರ್ಷ ನಡೆದಿದ್ದಳು. ಅವಳಿಗೆ ಸೈಕಲ್ ಬರುತ್ತಿರಲಿಲ್ಲ. ಚಿಕ್ಕವಳಿದ್ದಾಗ ಅಣ್ಣನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಊರೆಲ್ಲ ಸುತ್ತಿದ್ದಳೇ ಹೊರತು ಹ್ಯಾಂಡಲ್ ಹಿಡಿದವಳಲ್ಲ.

ಕಲಿಸಲು ನೋಡಿದೆ. ಅವಳ ಶಾಲೆಯ ಮೈದಾನದಲ್ಲಿ, ರಜೆಯ ದಿನ. ಸೀಟಿನ ಹಿಂಭಾಗ ಹಿಡಿದುಕೊಂಡು ಓಡಿದೆ. ಎರಡು ಸಲ ಬಿದ್ದಳು. ಎರಡನೇ ಸಲ ಎದ್ದು ಚೂಡಿದಾರದ ಮಣ್ಣು ಕೊಡವಿಕೊಂಡು, "ನನಗೆ ಸೈಕಲ್ ಬರಲ್ಲ ಅಂತಲ್ಲ. ನನಗೆ ಇದರ ಮೇಲೆ ನಂಬಿಕೆ ಬರಲ್ಲ" ಎಂದು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಮನೆಗೆ ನಡೆದಳು.

ಸೋಮವಾರ ಊಟದ ಹೊತ್ತಿನಲ್ಲಿ ಈ ಕಥೆಯನ್ನು ನಮ್ಮ ಯೂನಿಟ್ಟಿನ ವೆಲ್ಡರ್‌ಗೆ ಹೇಳಿದೆ. ನನಗಿಂತ ಹತ್ತು ವರ್ಷ ಚಿಕ್ಕವನು. ಡಬ್ಬಿಯಲ್ಲಿ ಏನಿದ್ದರೂ ಅರ್ಧ ನನ್ನ ತಟ್ಟೆಗೆ ಹಾಕುವ ಮನುಷ್ಯ. ಅವನು ಚಪಾತಿ ಮುರಿಯುವುದನ್ನು ನಿಲ್ಲಿಸಿ, "ಗುರು, ಅದಕ್ಯಾಕೆ ತಲೆ ಕೆಡಿಸ್ಕೊಂಡಿದೀಯ? ಎರಡು ಸೈಕಲ್ ಕುಯ್ದು ಒಂದು ಮಾಡ್ಬಿಡೋಣ. ಮುಂದೆ ನೀನು, ಹಿಂದೆ ಅತ್ತಿಗೆ. ಇಬ್ಬರಿಗೂ ಪೆಡಲ್" ಎಂದ.

"ಆಗುತ್ತೇನೋ?"

"ನಾನು ಏನೇನೋ ಅಂಟಿಸಿದೀನಿ ಕಣೋ. ಸೈಕಲ್ ಅಂಟಲ್ವಾ?"

ಮಾಲೀಕರ ಒಪ್ಪಿಗೆ ಕೇಳಿದೆವು. ಶನಿವಾರ ಮಧ್ಯಾಹ್ನ ಷಿಫ್ಟ್ ಮುಗಿದ ಮೇಲೆ ಷೆಡ್ಡನ್ನು ಬಳಸಿಕೊಳ್ಳಿ ಎಂದರು. ಗುಜರಿ ಅಂಗಡಿಯಿಂದ ಹಳೇ ಕಾಲದ ಗಟ್ಟಿ ಸೈಕಲ್ಲುಗಳು ಎರಡು ಬಂದವು. ಒಂದರ ಹಿಂಚಕ್ರ, ಇನ್ನೊಂದರ ಮುಂಚಕ್ರ ತೆಗೆದು, ಚೌಕಟ್ಟುಗಳನ್ನು ಕತ್ತರಿಸಿ, ಮಧ್ಯೆ ಉದ್ದದ ಕೊಳವೆ ಕೂರಿಸಿ ಬೆಸೆದೆವು. ಮುಂದಿನ ಪೆಡಲಿಂದ ಹಿಂದಿನ ಪೆಡಲಿಗೆ ಒಂದು ಚೈನು, ಅಲ್ಲಿಂದ ಹಿಂಚಕ್ರಕ್ಕೆ ಇನ್ನೊಂದು. ನಾಲ್ಕು ಶನಿವಾರ ಹಿಡಿಯಿತು. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಒಂದು ಹ್ಯಾಂಡಲ್ ಬೇಕಲ್ಲ, ಅದನ್ನು ಅಲ್ಲಾಡದ ಹಾಗೆ ಗಟ್ಟಿಯಾಗಿ ಕೂರಿಸಿದೆವು. ಕೊನೆಯ ಶನಿವಾರ ಮಾಲೀಕರು ಬಂದು ಸೈಕಲ್ಲಿನ ಸುತ್ತ ಒಂದು ಸುತ್ತು ಹಾಕಿ, "ಇದರ ಇನ್‌ಸ್ಪೆಕ್ಷನ್ ಯಾರು ಮಾಡ್ತಾರೆ?" ಎಂದರು.

"ನಾನೇ ಸಾರ್."

"ಹಾಗಾದ್ರೆ ಇದು ಪಾಸಾಗಲ್ಲ ಬಿಡಿ" ಎಂದು ನಕ್ಕು ಹೊರಟುಹೋದರು.

ಪಾಸಾಯಿತು. ಮಾರನೆಯ ಬೆಳಿಗ್ಗೆ ಪೀಣ್ಯದಲ್ಲೇ ಪರೀಕ್ಷೆ. ಭಾನುವಾರದ ಪೀಣ್ಯವನ್ನು ನೋಡದವರಿಗೆ ಆ ನಿಶ್ಶಬ್ದ ಅರ್ಥವಾಗುವುದು ಕಷ್ಟ. ಎಲ್ಲ ಷಟರ್‌ಗಳೂ ಕೆಳಗೆ, ಲಾರಿಗಳು ಸಾಲಾಗಿ ಬದಿಯಲ್ಲಿ, ಎಣ್ಣೆ ಕುಡಿದು ಕಪ್ಪಾದ ರಸ್ತೆಯ ನಡುಮಧ್ಯೆ ನಾಯಿಗಳು ಕಾಲು ಚಾಚಿ ಮಲಗಿರುತ್ತವೆ. ಹೆಂಡತಿ ಹಿಂದಿನ ಹ್ಯಾಂಡಲ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಲು ನೋಡಿದಳು. ಅದು ಅಲುಗಲಿಲ್ಲ.

"ಬ್ರೇಕೂ ಇಲ್ಲ, ತಿರುಗೋದೂ ಇಲ್ಲ. ಮತ್ತೆ ಇದು ಯಾಕೆ?"

"ಹಿಡ್ಕೊಳ್ಳೋಕೆ."

"ಸಮಾಧಾನಕ್ಕೆ ಅನ್ನಿ" ಎಂದು ಹತ್ತಿ ಕೂತಳು.

ಮೊದಲ ಸಲ ನಾನು ಬಲಗಾಲಿನಿಂದ ಶುರು ಮಾಡಿದೆ, ಅವಳು ಎಡಗಾಲಿನಿಂದ. ಎರಡು ಮಾರು ಹೋಗಿ, ತೆರೆದಿದ್ದ ಒಂದೇ ಒಂದು ಟೀ ಅಂಗಡಿಯ ಎದುರು ಇಬ್ಬರೂ ಬಿದ್ದೆವು. ಅಂಗಡಿಯವರು ಗ್ಲಾಸು ಕೆಳಗಿಟ್ಟು ಓಡಿ ಬಂದರು. ಆಮೇಲೆ ಟೀಚರ್ ಅಧಿಕಾರ ವಹಿಸಿಕೊಂಡಳು. "ನಾನು ಮೂರು ಅಂತೀನಿ. ಮೂರಕ್ಕೆ ಬಲಗಾಲು. ಒಂದು, ಎರಡು..." ಮೂರಕ್ಕೆ ಸೈಕಲ್ ಹೊರಟಿತು. ಪೀಣ್ಯದ ನಾಲ್ಕು ಕ್ರಾಸ್‌ಗಳನ್ನು ಸುತ್ತಿ ಬರುವಷ್ಟರಲ್ಲಿ ಅವಳು ಹಿಂದಿನಿಂದ ಜೋರಾಗಿ ನಗುತ್ತಿದ್ದಳು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ.

ಇನ್ನು ಉಳಿದದ್ದು ದಾರಿ ಆರಿಸುವುದು. ಸುಲಭದ ಕೆಲಸ ಎಂದುಕೊಂಡಿದ್ದೆ.

ಮೊದಲ ದಾರಿಗೆ ತುಮಕೂರು ರಸ್ತೆಯ ಸರ್ವಿಸ್ ರೋಡ್ ಹಿಡಿದೆ. ಹೊಸ ಟಾರು, ಬೆಳಗಿನ ಹೊತ್ತು ಲಾರಿ ಕಡಿಮೆ, ಏರು ಇಲ್ಲವೇ ಇಲ್ಲ. ಜೋಡಿ ಸೈಕಲ್ ಭಾರದ್ದು, ಅದಕ್ಕೆ ಇಂಥ ರಸ್ತೆಯೇ ಸರಿ. ಹತ್ತು ಕಿಲೋಮೀಟರ್ ಹೋಗಿ ವಾಪಸು ಬಂದೆವು. ಮನೆಯ ಮುಂದೆ ಇಳಿದು, "ಹೆಂಗಿತ್ತು ದಾರಿ? ಒಂದು ಗುಂಡಿ ಸಿಗಲಿಲ್ಲ ನೋಡು" ಎಂದೆ.

ಅವಳು ಬಾಟಲಿಯ ನೀರು ಕುಡಿದು, ಸ್ವಲ್ಪ ಯೋಚಿಸಿ ಹೇಳಿದಳು: "ಹೋಗುವಾಗ ನಿಮ್ಮ ಬೆನ್ನು ನೋಡಿದೆ, ಫ್ಲೈಓವರ್ ಕಂಬ ನೋಡಿದೆ. ಬರುವಾಗ ಕಂಬ ನೋಡಿದೆ, ನಿಮ್ಮ ಬೆನ್ನು ನೋಡಿದೆ."

ನಾನು ಸೋಲುವವನಲ್ಲ. ಯೂನಿಟ್ಟಿನಲ್ಲಿ ಬಳಸುವ ಇನ್‌ಸ್ಪೆಕ್ಷನ್ ಫಾರ್ಮಿನ ಹಾಗೆ ಒಂದು ಹಾಳೆಗೆ ಗೆರೆ ಎಳೆದೆ. ರಸ್ತೆ ಹೇಗಿದೆ, ಏರು ಎಷ್ಟು, ಲಾರಿ ಕಾಟ, ನೆರಳು, ನಾಯಿ, ತಿಂಡಿ ಸಿಗುತ್ತದೋ ಇಲ್ಲವೋ. ಪ್ರತಿ ದಾರಿಯ ಮುಂದೆ 'ಪಾಸ್' ಅಥವಾ 'ರಿಜೆಕ್ಟ್'. ಮುಂದಿನ ಭಾನುವಾರಗಳಲ್ಲಿ ರಿಂಗ್ ರೋಡಿನ ಕಡೆಗೆ ಹೋದೆವು, ಮಾಗಡಿ ರಸ್ತೆಯ ಕಡೆಗೆ ಹೋದೆವು, ಎಂಟನೇ ಮೈಲಿಯಿಂದ ಬಲಕ್ಕೆ ತಿರುಗಿ ಚಿಕ್ಕಬಾಣಾವರ ದಾಟಿ ಹೆಸರಘಟ್ಟದ ಕಡೆಗೂ ಹೋದೆವು. ನಾನು ಪಾಸ್ ಮಾಡಿದ್ದನ್ನು ಅವಳು ರಿಜೆಕ್ಟ್ ಮಾಡುತ್ತಿದ್ದಳು. ನಾನು ಕಲ್ಲು, ಗುಂಡಿ, ಹಂಪ್ ಎಂದು ತಿರಸ್ಕರಿಸಿದ ದಾರಿಗೆ ಅವಳು ಮತ್ತೆ ಹೋಗೋಣ ಎನ್ನುತ್ತಿದ್ದಳು. ಕೊನೆಗೆ ಒಂದು ದಿನ ನನ್ನ ಹಾಳೆಯ ಬಲಗಡೆ ಸ್ಕೇಲಿಟ್ಟು ಇನ್ನೊಂದು ಕಾಲಂ ಎಳೆದಳು. ತಲೆಬರಹ: 'ಏನು ಕಂಡಿತು'.

ಅವಳ ಕಾಲಂ ಓದಿದಾಗ ನನಗೆ ಆಶ್ಚರ್ಯವಾಯಿತು. "ಕಾಂಪೌಂಡ್ ಗೋಡೆಯ ಮೇಲೆ ನವಿಲು." "ಒಬ್ಬರು ಎಮ್ಮೆಗೆ ಮೈ ತೊಳೆದು ಕೊಂಬಿಗೆ ಸೇವಂತಿಗೆ ಕಟ್ಟುತ್ತಿದ್ದರು." "ಮನೆಗಳ ಮಧ್ಯೆ ಒಂದೇ ಒಂದು ರಾಗಿ ಹೊಲ, ಅದರಲ್ಲಿ ಬೆದರುಬೊಂಬೆಗೆ ಹೆಲ್ಮೆಟ್." ಅಷ್ಟೂ ದಾರಿ ಅವಳ ಮುಂದೆ ಮೂರಡಿ ದೂರದಲ್ಲಿ ಕೂತು ತುಳಿದವನು ನಾನು. ಒಂದನ್ನೂ ನೋಡಿರಲಿಲ್ಲ. ಮುಂದೆ ಕೂತವನ ಕಣ್ಣು ಟಾರಿನ ಮೇಲೆ, ಮುಂದಿನ ಗುಂಡಿಯ ಮೇಲೆ, ತಟ್ಟನೆ ಬಾಗಿಲು ತೆಗೆಯಬಹುದಾದ ಕಾರಿನ ಮೇಲೆ. ದೃಶ್ಯ ಎಲ್ಲ ಹಿಂದಿನ ಸೀಟಿನದು.

ಅಲ್ಲಿಗೆ ಒಪ್ಪಂದವಾಯಿತು. ಯಾವ ರಸ್ತೆಗೆ ಹೋಗಲೇಬಾರದು ಎಂದು ಹೇಳುವ ಹಕ್ಕು ನನ್ನದು. ಉಳಿದದ್ದರಲ್ಲಿ ಎಲ್ಲಿ ತಿರುಗಬೇಕು ಎಂದು ಹೇಳುವುದು ಅವಳು. ಅವಳು ಮೊದಲು ಹೇಳಿದ್ದೇ, "ನನಗೆ ಹೊಳೆ ಬೇಕು" ಎಂದು.

"ಬೆಂಗಳೂರಲ್ಲಿ ಹೊಳೆ ಎಲ್ಲಿಂದ ತರಲಿ?"

"ನಮ್ಮೂರಲ್ಲಿ ದಾರಿ ಆರಿಸೋ ತಾಪತ್ರಯನೇ ಇರಲಿಲ್ಲ. ಹೋಗುವಾಗ ಹೊಳೆ ಬಲಗಡೆ, ಬರುವಾಗ ಎಡಗಡೆ. ಅಣ್ಣ ಕಣ್ಣು ಮುಚ್ಕೊಂಡು ತುಳೀತಿದ್ದ. ಇಷ್ಟು ದೊಡ್ಡ ಊರಲ್ಲಿ ಒಂದು ಹೊಳೆ ಇಲ್ಲ ಅಂದ್ರೆ ಹೆಂಗ್ರಿ?"

ನಕ್ಷೆಯಲ್ಲಿ ನೀಲಿ ಗೆರೆ ಹುಡುಕತೊಡಗಿದೆ. ಮೊದಲು ಸಿಕ್ಕ ಗೆರೆ ನೋಡಿ ಮೊಬೈಲ್ ಕೈಯಿಂದ ಬೀಳುವುದೊಂದು ಬಾಕಿ. ಅದು ನಮ್ಮ ಯೂನಿಟ್ಟಿಗೆ ಹತ್ತಿರದಲ್ಲೇ ಹಾದುಹೋಗುತ್ತಿತ್ತು. ಮೂವತ್ತು ವರ್ಷದಿಂದ ನಾವು ಮೂಗು ಮುಚ್ಚಿಕೊಂಡು ದಾಟುತ್ತಿದ್ದ ರಾಜಕಾಲುವೆ ಮುಂದೆ ಹೋಗಿ ವೃಷಭಾವತಿಗೆ ಸೇರುತ್ತದಂತೆ. ಊಟದ ಹೊತ್ತಿನಲ್ಲಿ ವೆಲ್ಡರ್‌ಗೆ ತೋರಿಸಿದೆ. ಅವನು ಬಹಳ ಹೊತ್ತು ಪರದೆ ನೋಡಿ, "ಅಂದ್ರೆ ಇಷ್ಟು ವರ್ಷ ನಾವು ನದಿ ದಡದಲ್ಲಿ ಕೂತು ಊಟ ಮಾಡ್ತಿದ್ವಾ?" ಎಂದ. ಅವನಿಗೆ ನಗು ತಡೆಯಲಾಗಲಿಲ್ಲ. ನನಗೆ ಮಾತ್ರ ಆ ಸಂಜೆ ಅದನ್ನು ದಾಟುವಾಗ ಮೂಗು ಮುಚ್ಚಿಕೊಳ್ಳಲು ಸಂಕೋಚವಾಯಿತು. ಮುಚ್ಚಿಕೊಂಡೆ, ಆ ಮಾತು ಬೇರೆ.

ಎರಡನೇ ಗೆರೆ ಅರ್ಕಾವತಿಯದು. ಹೆಸರಘಟ್ಟದ ಆಚೆ, ದೊಡ್ಡಬಳ್ಳಾಪುರದ ಕಡೆಯಿಂದ ಅದು ಇಳಿದು ಬರುತ್ತದೆ ಎಂದು ನಕ್ಷೆ ಹೇಳಿತು. ಬೇಸಿಗೆಯ ಕೊನೆಯ ಒಂದು ಭಾನುವಾರ ಆ ಗೆರೆಯನ್ನು ಹಿಡಿದು ಹೊರಟೆವು. ಹುಲ್ಲುಗಾವಲು ದಾಟಿ, ದ್ರಾಕ್ಷಿ ತೋಟ ದಾಟಿ, ಒಂದು ಸಣ್ಣ ಊರಿನ ಹೊರಗೆ ಬಂದಾಗ ಮೊಬೈಲಿನಲ್ಲಿ ನಮ್ಮ ಚುಕ್ಕೆ ಸರಿಯಾಗಿ ನೀಲಿ ಗೆರೆಯ ಮೇಲೆ ನಿಂತಿತು. ಸುತ್ತ ನೋಡಿದರೆ ಒಣಗಿದ ಜೊಂಡು, ಜಾಲಿ, ಒಂದು ತಗ್ಗಾದ ಮಣ್ಣಿನ ರಸ್ತೆ, ಅಷ್ಟೇ. ನೀರಿನ ಸುಳಿವಿಲ್ಲ.

ರಸ್ತೆಯ ಪಕ್ಕ ಒಂದು ಹಳದಿ ಸ್ಕೂಲ್ ವ್ಯಾನ್ ನಿಂತಿತ್ತು. ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಬಕೆಟ್ಟಿನಿಂದ ನೀರೆರಚಿ ಅದನ್ನು ತೊಳೆಯುತ್ತಿದ್ದರು. ನಮ್ಮ ಸೈಕಲ್ಲನ್ನು ಮೇಲಿಂದ ಕೆಳಗೆ ನೋಡಿ, ಕೈಯೊರೆಸಿಕೊಳ್ಳುತ್ತಾ ಹತ್ತಿರ ಬಂದರು.

"ಅಣ್ಣ, ಇದೆಲ್ಲಿ ಸಿಗ್ತದೆ?"

"ಸಿಗಲ್ಲ, ನಾವೇ ಮಾಡಿದ್ದು" ಎಂದೆ. "ಇಲ್ಲಿ ಹೊಳೆ ಎಲ್ಲಿದೆಯಮ್ಮ?"

ಅವರು ನನ್ನ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. "ಒಳೇನಾ? ಒಳೆ ಒಳಗೇ ನಿಂತ್ಕಂಡು ಒಳೆ ಎಲ್ಲಿ ಅಂತೀರಲ್ಲಣ್ಣ!"

ಹೆಂಡತಿ ಕಾಲ ಕೆಳಗಿನ ಮಣ್ಣು ನೋಡಿದಳು. ನಾವು ಮೂವರೂ ಅರ್ಕಾವತಿಯ ನಡುಮಧ್ಯೆ ನಿಂತಿದ್ದೆವು.

ಆ ಊರು ಅವರ ತವರೂ ಹೌದು, ಗಂಡನ ಮನೆಯೂ ಹೌದು. ಅವರ ಮಾವನ ಕಾಲದಲ್ಲಿ ಮನೆಯಲ್ಲಿ ದನಗಳಿದ್ದವಂತೆ. ಈಗ ಗಂಡ ಪೀಣ್ಯದಲ್ಲಿ ಪೇಂಟಿಂಗ್ ಯೂನಿಟ್ಟಿಗೆ ಹೋಗುತ್ತಾರೆ, ಇವರು ಶಾಲೆಯ ವ್ಯಾನ್ ಓಡಿಸುತ್ತಾರೆ. ನನ್ನ ಹೆಂಡತಿ ಶಾಲೆಯ ಟೀಚರ್ ಎಂದು ಗೊತ್ತಾದದ್ದೇ ತಡ, ಇಬ್ಬರೂ ಮಕ್ಕಳ ತಂದೆತಾಯಿಯರ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಹೊರಡುವಾಗ ಅವರೇ ಫೋನ್ ನಂಬರ್ ಕೇಳಿ ಪಡೆದರು. "ಮಳೆ ಚೆನ್ನಾಗಾದ್ರೆ ಮ್ಯಾಗಳ ಕೆರೆ ಕೋಡಿ ಬೀಳ್ತದೆ ಕಣಕ್ಕ. ಆವಾಗ ಇಲ್ಲಿ ನೀರು ಬತ್ತದೆ. ಫೋನ್ ಆಕ್ತೀನಿ, ಬಂದು ನೋಡೀರಂತೆ."

ಇವರೆಲ್ಲಿ ಫೋನ್ ಮಾಡುತ್ತಾರೆ ಎಂದುಕೊಂಡು ನಾನು ಮರೆತೇಬಿಟ್ಟೆ. ಹೆಂಡತಿ ಮರೆಯಲಿಲ್ಲ. ಆ ಮಳೆಗಾಲದಲ್ಲಿ ರಾತ್ರಿ ಮಳೆ ಜೋರಾದರೆ ಬೆಳಿಗ್ಗೆ ಎದ್ದು ಮೊದಲು ಮೊಬೈಲ್ ನೋಡುತ್ತಿದ್ದಳು. ಜುಲೈ, ಆಗಸ್ಟ್, ಸೆಪ್ಟೆಂಬರ್ ಹೋಯಿತು. ದಸರಾ ರಜೆಯಲ್ಲಿ ಒಂದು ಬುಧವಾರ ಬೆಳಿಗ್ಗೆ, ನಾನು ಬೂಟು ಹಾಕಿಕೊಳ್ಳುತ್ತಿದ್ದಾಗ ಫೋನ್ ಬಂತು. ಸ್ಪೀಕರ್ ಹಾಕಬೇಕಾಗಿಯೇ ಇರಲಿಲ್ಲ. "ಅಕ್ಕಾ, ಬಂತು ಕಣಕ್ಕಾ! ರಸ್ತೆ ಮ್ಯಾಲೆ ಅರೀತಾ ಐತೆ!"

 ಹೆಂಡತಿ ಫೋನ್ ಹಿಡಿದು ನನ್ನನ್ನು ನೋಡಿದಳು. ಅವಳಿಗೆ ರಜೆ, ನನಗಿಲ್ಲ. ಭಾನುವಾರದವರೆಗೆ ನೀರು ಇರುತ್ತದೋ ಇಲ್ಲವೋ.

ಮಾಲೀಕರಿಗೆ ಫೋನ್ ಮಾಡಿದೆ. ಮೂವತ್ತು ವರ್ಷದಲ್ಲಿ ನಾನು ಜ್ವರಕ್ಕೆ, ಮದುವೆಗೆ, ಸಾವಿಗೆ ಬಿಟ್ಟು ರಜೆ ಕೇಳಿದವನಲ್ಲ. "ಸಾರ್, ಇವತ್ತು ರಜೆ ಬೇಕಿತ್ತು."

"ಯಾಕ್ರೀ, ಹುಷಾರಿಲ್ವಾ?"

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಹೆಂಡತಿ ಎದುರಿಗೇ ನಿಂತಿದ್ದಳು. "ಹುಷಾರಾಗಿದೀನಿ ಸಾರ್. ಹೊಳೆ ಬಂದಿದೆಯಂತೆ, ನೋಡೋಕೆ ಹೋಗ್ಬೇಕು."

 "ಯಾವ ಹೊಳೆ?" ಎಂದರು. ಹೇಳಿದೆ. "ಫೋಟೋ ಕಳಿಸಿ" ಎಂದು ಫೋನ್ ಇಟ್ಟರು.

ಎಂಟನೇ ಮೈಲಿಯ ಟ್ರಾಫಿಕ್ಕಿನಲ್ಲಿ ಕೆಲಸದ ದಿನ ಜೋಡಿ ಸೈಕಲ್ ತಳ್ಳಿಕೊಂಡು ರಸ್ತೆ ದಾಟಿದ್ದು ಇನ್ನೂ ನೆನಪಿದೆ. ಬಸ್ಸಿನ ಕಿಟಕಿಗಳಿಂದೆಲ್ಲ ಜನ ತಲೆ ಹೊರಹಾಕಿ ನೋಡಿದರು. ಒಬ್ಬ ಆಟೋದವನು, "ಸಾರ್, ಮೂರನೇ ಸೀಟ್ ಖಾಲಿ ಇದೆಯಾ?" ಎಂದು ಕೂಗಿದ. ಚಿಕ್ಕಬಾಣಾವರ ದಾಟಿದ ಮೇಲೆ ಮುಂದಿನ ಚೈನು ಕಳಚಿಬಿತ್ತು. ರಸ್ತೆ ಬದಿಯಲ್ಲಿ ಕೂತು ಗಡಿಬಿಡಿಯಲ್ಲಿ ಅದನ್ನು ಹಲ್ಲಿಗೆ ಏರಿಸತೊಡಗಿದೆ. ನಿಧಾನವಾದರೆ ನೀರು ಎದ್ದು ಹೋಗಿಬಿಡುತ್ತದೆ ಎನ್ನುವ ಹಾಗೆ.

"ಅವಸರ ಮಾಡಬ್ಯಾಡ್ರಿ, ಇರತೈತೆ" ಎಂದಳು ಹೆಂಡತಿ. ಆದರೆ ಮತ್ತೆ ಹತ್ತಿ ಕೂತ ಮೇಲೆ ಎಂದೂ ಇಲ್ಲದ ಬಿರುಸಿನಲ್ಲಿ ಹಿಂದಿನಿಂದ ತುಳಿಯತೊಡಗಿದ್ದು ಅವಳೇ.

ಇತ್ತು. ಬೇಸಿಗೆಯಲ್ಲಿ ನಾವು ನಿಂತಿದ್ದ ತಗ್ಗಿನಲ್ಲಿ ಈಗ ಹತ್ತು ಹೆಜ್ಜೆ ಅಗಲಕ್ಕೆ ಕೆಂಪು ನೀರು, ಮೊಣಕಾಲಿಗಿಂತ ಕಡಿಮೆ ಆಳ, ಜೊಂಡನ್ನು ಬಗ್ಗಿಸಿಕೊಂಡು ಸದ್ದು ಮಾಡುತ್ತಾ ರಸ್ತೆಯ ಮೇಲೆಯೇ ಹರಿಯುತ್ತಿತ್ತು. ತುಂಗಭದ್ರೆ ನೋಡಿ ಬೆಳೆದವಳಿಗೆ ಇದೇನು ಹೊಳೆ ಎಂದು ನನಗೆ ಒಳಗೊಳಗೇ ಅಳುಕು. ಅವಳು ಚಪ್ಪಲಿ ಬಿಟ್ಟು, ಚೂಡಿದಾರದ ಪ್ಯಾಂಟು ಮೇಲೆತ್ತಿಕೊಂಡು ನೇರ ನೀರಿಗಿಳಿದು ನಡುಮಧ್ಯೆ ನಿಂತಳು. ಎಷ್ಟೋ ಹೊತ್ತು ಹಾಗೇ ನಿಂತಿದ್ದಳು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ತಣ್ಣಗೈತೆ, ಬರ್ರಿ" ಎಂದಳು. ಹೋಗಿ ಪಕ್ಕದಲ್ಲಿ ನಿಂತೆ. ನೀರು ಕಾಲಿನಡಿಯ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಎಳೆದುಕೊಂಡು ಹೋಗುತ್ತಿತ್ತು.

ವ್ಯಾನಿನ ಅಕ್ಕ ಮನೆಯಿಂದ ಸ್ಟೀಲ್ ಡಬ್ಬಿಯಲ್ಲಿ ಚಿತ್ರಾನ್ನ ತಂದಿದ್ದರು. ಮೂವರೂ ಬದುವಿನ ಮೇಲೆ ಕೂತು ತಿಂದೆವು. ಕೈ ತೊಳೆದುಕೊಂಡು ಅವರು ಸೈಕಲ್ಲಿನ ಹತ್ತಿರ ಹೋಗಿ ಹ್ಯಾಂಡಲ್ ಹಿಡಿದರು. "ಅಣ್ಣ, ನಾನೊಂದ್ ರೌಂಡ್ ಒಡೀಲಾ? ಮದ್ವೆಗ್ ಮುಂಚೆ ಸೈಕಲ್ ಮ್ಯಾಲೇ ಡೈರಿಗೆ ಆಲು ಆಕಕ್ಕೆ ಓಗ್ತಿದ್ದೆ."

"ಹೋಗಮ್ಮ, ಇವಳನ್ನ ಕೂರಿಸ್ಕೊಂಡು ಹೋಗು" ಎಂದೆ.

"ನಾನು ದಿನಾ ಕೂರ್ತೀನಿ" ಎಂದಳು ಹೆಂಡತಿ. "ಇವತ್ತು ನೀವು ಹಿಂದೆ ಕೂತ್ಕೊಳ್ರಿ."

ಹಿಂದಿನ ಸೀಟು ನಾನೇ ಅಳೆದು ಕೂರಿಸಿದ್ದು. ಅದರ ಮೇಲೆ ಒಂದು ದಿನವೂ ಕೂತಿರಲಿಲ್ಲ. ಕೂತೆ. ಸೈಕಲ್ ಹೊರಟಿತು. ಮುಂದೆ ಏನಿದೆ ಎಂದು ಕಾಣುವುದಿಲ್ಲ, ಬ್ರೇಕ್ ಇಲ್ಲ, ಹ್ಯಾಂಡಲ್ ತಿರುಗುವುದಿಲ್ಲ. ಅವರೋ ವ್ಯಾನ್ ಓಡಿಸುವ ಧೈರ್ಯದಲ್ಲೇ ಹೊಡೆಯುತ್ತಿದ್ದರು. ಒಂದು ಹಂಪ್ ಬಂದಿದ್ದು ನನಗೆ ಗೊತ್ತಾಗಿದ್ದು ಸೊಂಟಕ್ಕೆ. "ನಿಧಾನ, ನಿಧಾನ" ಎಂದು ನಾನು ಕೂಗುತ್ತಿದ್ದರೆ, "ಏನಾಗಲ್ಲ ಬುಡಣ್ಣ" ಎಂದು ಇನ್ನೂ ಜೋರು ಮಾಡಿದರು. ಅರ್ಧ ದಾರಿ ಕಣ್ಣು ಮುಚ್ಚಿಕೊಂಡೇ ಕೂತಿದ್ದೆ. ಇಷ್ಟು ತಿಂಗಳು ಹೆಂಡತಿ ನನ್ನ ಬೆನ್ನ ಹಿಂದೆ ಹೇಗೆ ಕೂತಿದ್ದಳು ಎನ್ನುವುದು ಆಗ ತಿಳಿಯಿತು. ಒಂದು ಸಲವೂ 'ನಿಧಾನ' ಎಂದು ಕೂಗಿದವಳಲ್ಲ.

ಊರು ತಿರುಗಿ ವಾಪಸು ಬರುವಾಗ ಕಣ್ಣು ಬಿಟ್ಟೆ. ರಾಗಿ ತೆನೆ ಕಟ್ಟಿತ್ತು. ಗದ್ದೆಯಂಚಿನಲ್ಲಿ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ಒಂದು ಮನೆಯ ಜಗಲಿಯಲ್ಲಿ ಮುದುಕರೊಬ್ಬರು ರೇಡಿಯೋವನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಮಾಡುತ್ತಿದ್ದರು. ದೂರದಲ್ಲಿ ನೀರಿನ ನಡುವೆ, ಪ್ಯಾಂಟು ಎತ್ತಿಕೊಂಡು ನಿಂತಿದ್ದ ನನ್ನ ಹೆಂಡತಿ ಕೈ ಬೀಸುತ್ತಿದ್ದಳು. ನಾನು ಎರಡೂ ಕೈ ಬಿಟ್ಟು ಬೀಸಿದೆ. ಹಿಂದಿನ ಸೀಟಿನಲ್ಲಿ ಕೂತವರು ಹಾಗೆ ಮಾಡಬಹುದು.

ಮಾಲೀಕರಿಗೆ ಫೋಟೋ ಕಳಿಸಿದೆ. ಮುಂದಿನ ಭಾನುವಾರ ಅವರು ಕಾರಿನಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗಿ ನೋಡಿ ಬಂದರಂತೆ.

ಹೊಳೆ ನೋಡಿದ ದಿನವೇ ಮನೆಗೆ ಬಂದು ಕಾಫಿ ಕುಡಿಯುವಾಗ ಹೆಂಡತಿ ಹೇಳಿದಳು: "ರೀ, ನಾನು ಮುಂದೆ ಕೂತು ನೋಡ್ಲಾ? ನೀವು ಹಿಂದಿದ್ದು ತುಳೀರಿ, ನಾನು ಬರೀ ಹ್ಯಾಂಡಲ್ ನೋಡ್ಕೋತೀನಿ."

ಅಂದು ಶಾಲೆಯ ಮೈದಾನದಲ್ಲಿ ಅವಳು ಹೇಳಿದ ನಂಬಿಕೆಯ ಮಾತು ನೆನಪಿಸಲು ಹೋಗಲಿಲ್ಲ. ಬ್ರೇಕ್ ಸರಿಮಾಡಿಸಿದೆ. ಹೆಸರಘಟ್ಟದ ಹುಲ್ಲುಗಾವಲಿನ ಪಕ್ಕ ಒಂದು ನೇರ ರಸ್ತೆಯಿದೆ, ಬೆಳಗಿನ ಹೊತ್ತು ಬಹುತೇಕ ಖಾಲಿ. ಅಲ್ಲಿಯವರೆಗೆ ನಾನು ಮುಂದೆ, ಅಲ್ಲಿಂದ ಅವಳು. ಹೊರಡುವಾಗ ನಾನು ಎರಡೂ ಕಾಲು ನೆಲಕ್ಕೂರಿ ಹಿಡಿದುಕೊಳ್ಳುತ್ತಿದ್ದೆ, ಅವಳು ಮೂರು ಎಣಿಸುತ್ತಿದ್ದಳು. ಮೊದಲ ವಾರ ರಸ್ತೆಯ ತುಂಬ ಹಾವಿನ ಹಾಗೆ ಹೋದೆವು. ಎರಡನೇ ವಾರ ಬೇಲಿಗೆ ನುಗ್ಗಿದೆವು. ನನ್ನ ಮೊಣಕೈಯಿಂದ ಮುಳ್ಳು ತೆಗೆಯುತ್ತಾ ಅವಳು ಕ್ಷಮೆ ಕೇಳಿದಳು, ನಗುವನ್ನು ಮಾತ್ರ ತಡೆದುಕೊಳ್ಳಲಿಲ್ಲ. ಗುಂಡಿ ಕಂಡರೆ ಅವಳ ಕಣ್ಣು ಅದರ ಮೇಲೇ ನೆಟ್ಟು, ಸೈಕಲ್ ನೇರ ಅದಕ್ಕೇ ಹೋಗುತ್ತಿತ್ತು. ವ್ಯಾನಿನ ಅಕ್ಕನೇ ಒಂದು ದಿನ ಅಲ್ಲಿಗೆ ಬಂದು ಪಕ್ಕದಲ್ಲಿ ನಡೆಯುತ್ತಾ ಹೇಳಿಕೊಟ್ಟರು: "ಗುಂಡಿ ನೋಡ್ಬ್ಯಾಡ ಕಣಕ್ಕ. ನೀನ್ ಎಲ್ಲಿಗ್ ಓಗ್ಬೇಕೋ ಅಲ್ಲಿ ನೋಡು. ಚಕ್ರ ತಾನೇ ಬತ್ತದೆ."

ಡಿಸೆಂಬರಿನ ಹೊತ್ತಿಗೆ ಅವಳು ಆ ರಸ್ತೆಯನ್ನು ಆ ತುದಿಯಿಂದ ಈ ತುದಿಗೆ ಒಂದು ಸಲವೂ ಕಾಲೂರದೆ ಮುಗಿಸಿದಳು. ತುದಿಯಲ್ಲಿ ಬ್ರೇಕ್ ಹಿಡಿದು, ತಿರುಗಿ ನೋಡದೆ, "ನೀವು ಹಿಂದೆ ಇದೀರಲ್ಲ?" ಎಂದು ಕೇಳಿದಳು. "ಎಲ್ಲಿಗೆ ಹೋಗ್ಲಿ?" ಎಂದೆ. ಆಮೇಲಿಂದ ಊರಿನಾಚೆಯ ಖಾಲಿ ರಸ್ತೆಗಳೆಲ್ಲ ಅವಳದು, ಟ್ರಾಫಿಕ್ ಇರುವಲ್ಲಿ ಮಾತ್ರ ನಾನು ಮುಂದೆ.

ಮೊನ್ನೆ ಸಂಕ್ರಾಂತಿ ಕಳೆದ ವಾರ ಹೀಗೇ ಹೋಗುತ್ತಿದ್ದೆವು. ಅವಳು ಮುಂದೆ. ಒಂದು ಕವಲು ಬಂತು. ಬಲಕ್ಕೆ ಗೊತ್ತಿರುವ ಟಾರು ರಸ್ತೆ, ಎಡಕ್ಕೆ ನಾವಿಬ್ಬರೂ ಕಾಣದ ಕಿರಿದಾದ ದಾರಿ. ನನ್ನನ್ನು ಕೇಳುತ್ತಾಳೆ ಎಂದು ಕಾದೆ. ಅವಳು ಕೇಳಲಿಲ್ಲ, ಎಡಕ್ಕೆ ತಿರುಗಿಸಿದಳು. ಎರಡೂ ಕಡೆ ಚೆಂಡುಹೂವಿನ ಹೊಲ, ಹಳದಿ ಒಂದು ಕಡೆ, ಕೇಸರಿ ಇನ್ನೊಂದು ಕಡೆ, ಕೊಯ್ಯುತ್ತಿದ್ದ ಹೆಂಗಸರು ಬುಟ್ಟಿ ಕೆಳಗಿಟ್ಟು ನಮ್ಮನ್ನೇ ನೋಡಿದರು. ದಾರಿ ಕಿರಿದಾಗುತ್ತಾ ಹೋಗಿ, ಒಂದು ಕೋಳಿ ಫಾರಮ್ಮಿನ ಗೇಟಿನ ಮುಂದೆ ಮುಗಿದೇಹೋಯಿತು.

ಜೋಡಿ ಸೈಕಲ್ಲನ್ನು ಅಷ್ಟು ಕಿರಿದಾದ ಜಾಗದಲ್ಲಿ ತುಳಿದು ತಿರುಗಿಸಲು ಬರುವುದಿಲ್ಲ. ಇಬ್ಬರೂ ಇಳಿದೆವು. ಅವಳು ಮುಂಚಕ್ರ ಹಿಡಿದಳು, ನಾನು ಹಿಂಚಕ್ರ ಎತ್ತಿದೆ. ಗೇಟಿನೊಳಗಿಂದ ಕಾವಲಿನವರು ಬಂದು, "ಯಾರ್ ಬೇಕಾಗಿತ್ತು?" ಎಂದು ಕೇಳಿದರು.

"ಯಾರೂ ಬೇಡ, ದಾರಿ ನೋಡ್ಕೊಂಡು ಬಂದ್ವಿ" ಎಂದಳು ಹೆಂಡತಿ.

"ಇಲ್ಲಿ ದಾರಿ ಇಲ್ಲ ಮೇಡಂ."

"ಬಂದ ದಾರಿನೇ ಚೆನ್ನಾಗಿತ್ತು" ಎಂದು ಅವಳು ಸೀಟಿನ ಮೇಲೆ ಕೂತು, ಹ್ಯಾಂಡಲ್ ನೇರ ಮಾಡಿಕೊಂಡಳು. ನಾನು ಹಿಂದೆ ಹತ್ತಿದೆ. ಹೊಲದ ಹೆಂಗಸರು ಮತ್ತೆ ಬುಟ್ಟಿ ಕೆಳಗಿಟ್ಟು ಕಾದಿದ್ದರು.